ತಾತನ ಪೆಟ್ಟಿಗೆಯ ಅಮೆರಿಕದ ನೆಂಟ

ಕಳೆದ ವರ್ಷ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಕ್ಯಾಲಿಫೋರ್ನಿಯಾದಲ್ಲಿದ್ದೆ. ಒಂದು ಶನಿವಾರ ಸಹೋದ್ಯೋಗಿಯೊಬ್ಬರು ‘ಹಳೇ ಕಪ್ಪು-ಬಿಳುಪು ಸಿನಿಮಾ ನೋಡೋಣ ಬಾ’ ಅಂತ ಪ್ಯಾಲೊ ಆಲ್ಟೊ ಊರಿನ ಸ್ಟ್ಯಾನ್‌ಫರ್ಡ್ ಥಿಯೇಟರಿಗೆ ಕರೆದುಕೊಂಡು ಹೋದರು. 1925ರಲ್ಲಿ ಶುರುವಾದ ಚಿತ್ರಮಂದಿರ ಅದು. ಸಿನಿಮಾಗೆ ಮುಂಚೆ, ಪರದೆಯ ಮುಂದಿದ್ದ ಕುದುರೆ ಲಾಳದ ಆಕಾರದ ದೊಡ್ಡ ವಾದ್ಯದ ಹತ್ತಿರ ಒಬ್ಬರು ಬಂದು ಕೂತರು. ಕೈಗೆ ಒಂದರ ಮೇಲೊಂದು ಮನೆಗಳ ಸಾಲು, ಸುತ್ತ ಬಣ್ಣಬಣ್ಣದ ಪಟ್ಟಿಗಳು, ಕಾಲಿನ ಕೆಳಗೂ ಮರದ ಮನೆಗಳು. ಅವರ ಎರಡೂ ಕಾಲು ಆಡುವುದನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ತಾತ.

ತಾತ ಹಾರ್ಮೋನಿಯಂ ಮೇಷ್ಟ್ರು. ತುಮಕೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಸುತ್ತಿದ್ದವರು. ರಾತ್ರಿಯೆಲ್ಲ ಲೆಗ್ ಹಾರ್ಮೋನಿಯಂ ಮುಂದೆ ಕೂತು, ಕಾಲಲ್ಲಿ ಗಾಳಿ ತುಂಬುತ್ತಾ, ಕೈಯಲ್ಲಿ ನುಡಿಸುತ್ತಾ, ಕಣ್ಣಲ್ಲಿ ಪಾತ್ರಧಾರಿಯನ್ನು ಹಿಡಿದಿಟ್ಟುಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವರಿಗೆ ಕೈ ನಡುಕ ಶುರುವಾಯಿತು. ಒಂದು ನಾಟಕದಲ್ಲಿ ಕೃಷ್ಣನ ಕಂದಪದ್ಯ ನಡೆಯುವಾಗ ಬೆರಳು ಪಕ್ಕದ ಮನೆಗೆ ಹೋಯಿತಂತೆ. ಕೃಷ್ಣ ತಿರುಗಿ ನೋಡಿದನಂತೆ. ಅಷ್ಟೇ, ಅವತ್ತಿನಿಂದ ಪೆಟ್ಟಿಗೆ ಮೇಲೆ ಹಳೇ ಕಂಬಳಿ ಬಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

ಥಿಯೇಟರಿನ ವಾದ್ಯ ವರ್ಲಿಟ್ಜರ್ ಆರ್ಗನ್. ಅವತ್ತು ರಾತ್ರಿಯೇ ರೂಮಿಗೆ ಬಂದು ಅದರ ಬಗ್ಗೆ ಓದತೊಡಗಿದೆ. ಮೂಕಿ ಚಿತ್ರಗಳ ಕಾಲದಲ್ಲಿ ಇಡೀ ವಾದ್ಯವೃಂದದ ಕೆಲಸವನ್ನು ಒಬ್ಬನೇ ಮಾಡಲಿ ಅಂತ ಹುಟ್ಟಿದ ವಾದ್ಯ ಇದು. ಇದರ ಹಿಂದಿನ ತಲೆ ರಾಬರ್ಟ್ ಹೋಪ್-ಜೋನ್ಸ್ ಎಂಬ ಇಂಗ್ಲೆಂಡಿನವನದು. ಮೊದಲು ಟೆಲಿಫೋನ್ ಎಂಜಿನಿಯರ್ ಆಗಿದ್ದವನು, 1910ರಲ್ಲಿ ವರ್ಲಿಟ್ಜರ್ ಕಂಪನಿ ಸೇರಿದ. ಮನೆ ಒತ್ತಿದರೆ ಹೋಗುವುದು ವಿದ್ಯುತ್ ಸಂದೇಶ. ದೂರದ ಕೋಣೆಯಲ್ಲಿರುವ ಪೈಪಿನ ಬಾಯಿ ತೆರೆದು ಗಾಳಿ ನುಗ್ಗುತ್ತದೆ. ಒಂದೇ ಸಾಲು ಪೈಪುಗಳನ್ನು ಬೇರೆ ಬೇರೆ ಸ್ಥಾಯಿಯಲ್ಲಿ, ಬೇರೆ ಬೇರೆ ಮನೆಗಳ ಸಾಲಿನಿಂದ ನುಡಿಸಬಹುದು. ಒಂದು ಸಲ ಬರೆದ ಕೋಡನ್ನು ಹತ್ತು ಕಡೆ ಬಳಸುವ ನಮ್ಮಂಥವರಿಗೆ ಇದು ತಕ್ಷಣ ಅರ್ಥವಾಗುತ್ತದೆ!

ಡೋಲು, ಗಂಟೆ, ಕ್ಸೈಲೋಫೋನ್ ಕೂಡ ಒಳಗೆ ನಿಜವಾಗಿಯೇ ಇರುತ್ತವೆ. ಹಕ್ಕಿ ಕೂಗು, ಕುದುರೆ ಗೊರಸು, ರೈಲಿನ ಸಿಳ್ಳೆ, ಕಾರಿನ ಹಾರ್ನ್ ಎಲ್ಲಕ್ಕೂ ಒಂದೊಂದು ಗುಂಡಿ. ನಾಯಕ ಕುದುರೆ ಹತ್ತಿದರೆ ಗೊರಸು, ಯಾರೋ ಬಂದರೆ ಬಾಗಿಲ ಗಂಟೆ. ಭೀಮ ಗದೆ ಎತ್ತಿದ ಕ್ಷಣಕ್ಕೆ ಸರಿಯಾಗಿ ತಬಲಾದವರಿಗೆ ಕಣ್ಸನ್ನೆ ಮಾಡುತ್ತಿದ್ದ ತಾತನ ಕೆಲಸವೂ ಇದೇ ಅಲ್ಲವೇ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ವಿಷಯ. ಪೈಪ್ ಆರ್ಗನ್ನಿನ ಮನೆಯನ್ನು ಮೆಲ್ಲಗೆ ಒತ್ತಿದರೂ, ಗುದ್ದಿದರೂ ಪೈಪು ಕೂಗುವುದು ಒಂದೇ ಥರ. ಹಾಗಾದರೆ ಭಾವ ಎಲ್ಲಿಂದ ಬರಬೇಕು? ಪೈಪುಗಳ ಕೋಣೆಯ ಮುಂದೆ ಕಿಟಕಿಯ ರೆಕ್ಕೆಗಳಂಥ ಪಟ್ಟಿಗಳಿರುತ್ತವೆ. ವಾದಕ ಕಾಲಲ್ಲಿ ಪೆಡಲ್ ಒತ್ತಿದಷ್ಟೂ ಅವು ತೆರೆದು ದನಿ ಉಕ್ಕುತ್ತದೆ, ಪೆಡಲನ್ನು ಹಿಂದಕ್ಕೆ ವಾಲಿಸಿದಂತೆ ಮುಚ್ಚಿ ಪಿಸುಮಾತಾಗುತ್ತದೆ. ಕೆಲವು ಮನೆಗಳಿಗೆ ಎರಡನೇ ಒತ್ತೂ ಇದೆ. ಸಾಮಾನ್ಯವಾಗಿ ಒತ್ತಿದರೆ ಒಂದು ದನಿ, ಇನ್ನೂ ಆಳಕ್ಕೆ ಅದುಮಿದರೆ ಅದರ ಜೊತೆ ಮತ್ತೊಂದು ದನಿ ಸೇರುತ್ತದೆ. ಮೇಲಿನ ಸಾಲಿನಲ್ಲಿ ನಾಲ್ಕು ಬೆರಳು ಆಡುವಾಗಲೇ ಹೆಬ್ಬೆರಳು ಕೆಳಗಿನ ಸಾಲಿಗೆ ಇಳಿದು ಬೇರೆ ರಾಗ ಹೇಳುವುದೂ ಉಂಟು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಟ್ರೆಮ್ಯುಲಂಟ್. ಗಾಳಿಯನ್ನೇ ಅಲುಗಿಸುವ ಸಾಧನ. ಗಾಳಿ ನಡುಗಿದರೆ ಪೈಪಿನ ದನಿಯೂ ನಡುಗುತ್ತದೆ. ಆ ಸಿನಿಮಾ ಆರ್ಗನ್ನಿನ ಅಳುಮೋರೆಯ ಸಿಹಿಯೆಲ್ಲ ಹುಟ್ಟುವುದು ಇಲ್ಲಿಂದಲೇ. ‘ಆರ್ಗನ್ನಿನ ಕವಿ’ ಎನಿಸಿಕೊಂಡಿದ್ದ ಜೆಸ್ಸಿ ಕ್ರಾಫರ್ಡ್ ಅವರ ಹಳೆಯ ಧ್ವನಿಮುದ್ರಿಕೆ ಕೇಳಿದರೆ ಗೊತ್ತಾಗುತ್ತದೆ. ನಡುಕವನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಸಿಳ್ಳೆ.

ನನಗೆ ಕುಣಿದಾಡುವಷ್ಟು ಖುಷಿಯಾಯಿತು. ತಾತನಿಗೆ ಹೇಳಲು ಒಂದು ಮಾತು ಸಿಕ್ಕಿತ್ತಲ್ಲ!

ಊರಿಗೆ ಬಂದ ಮೊದಲ ಭಾನುವಾರವೇ ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ಆರ್ಗನ್ ಕೇಳಿಸಿದೆ. ತಾತ ಕಣ್ಣು ಮುಚ್ಚಿ ಕೇಳಿದರು. ನಾನು ದೊಡ್ಡ ತಿಳಿವಳಿಕಸ್ಥನ ಹಾಗೆ, ‘ನೋಡು ತಾತ, ನಡುಗಿಸೋಕೆ ಅಂತಾನೇ ಅವರು ಬೇರೆ ಮಿಷನ್ ಇಟ್ಟವ್ರೆ. ನಡುಗಿದ್ರೇನೇ ಚೆಂದ ಅಂತೆ’ ಅಂದೆ.

ತಾತ ಕಣ್ಣು ಬಿಟ್ಟರು. ‘ಅದನ್ನ ನಿಲ್ಸಬೇಕು ಅಂದ್ರೆ ನಿಲ್ತದೇನ್ಲಾ?’

‘ಹೂಂ, ಒಂದು ಪಟ್ಟಿ ಮೇಲೆತ್ತಿದ್ರೆ ನಿಲ್ತದೆ.’

‘ನಂದು ನಿಲ್ಲಾಕಿಲ್ವಲ್ಲ ಮಗಾ’ ಅಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ನನ್ನ ಮುಖ ಸಣ್ಣಗಾಯಿತು. ಸಮಾಧಾನ ಹೇಳಲು ಹೋಗಿ ನಾಲ್ಕು ವರ್ಷದಿಂದ ಯಾರೂ ಮುಟ್ಟದ ಗಾಯವನ್ನೇ ಕೆದಕಿದ್ದೆ. ಎದ್ದು ಹೋಗೋಣ ಅನ್ನಿಸಿತು. ಅಷ್ಟರಲ್ಲಿ ತಾತ ಕೇಳಿದರು, ‘ದನಿ ಏರ್ಸೋದು, ಇಳ್ಸೋದು ಯಾವುದ್ರಲ್ಲಿ ಅಂದೆ?’

‘ಕಾಲಲ್ಲಿ ತಾತ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಕಾಲು ನಡುಗಾಕಿಲ್ಲ ನಂಗೆ’ ಅಂದರು.

ಕಂಬಳಿ ತೆಗೆದವನು ನಾನು. ಧೂಳಿಗೆ ಇಬ್ಬರೂ ಸೀನಿದೆವು. ತಿದಿಯ ಚರ್ಮವನ್ನು ಇಲಿ ಒಂದು ಕಡೆ ಕಡಿದಿತ್ತು, ಬುಸ್ ಅಂತ ಗಾಳಿ ಸೋರುತ್ತಿತ್ತು. ತಾತ ಸ್ಟೂಲಿನ ಮೇಲೆ ಕೂತು ಎರಡೂ ಕಾಲಲ್ಲಿ ತುಳಿಯತೊಡಗಿದರು. ನಾನು ಪಕ್ಕದಲ್ಲಿ ನಿಂತು, ಅವರು ಹೇಳಿದ ಮನೆಗಳನ್ನು ಒಂದೇ ಬೆರಳಲ್ಲಿ ಒತ್ತಿದೆ. ಚಿಕ್ಕವನಾಗಿದ್ದಾಗ ಅವರು ಎಷ್ಟು ಕರೆದರೂ ಕಲಿಯದೆ ಕ್ರಿಕೆಟ್ಟಿಗೆ ಓಡಿದವನು ನಾನು. ತಪ್ಪು ಮಾಡಿದಾಗಲೆಲ್ಲ ಕೈಗೊಂದು ಏಟು ಬೀಳುತ್ತಿತ್ತು. ಆದರೆ ನನ್ನ ಒಂಟಿ ಬೆರಳಿನ ಮೊದ್ದು ಸ್ವರ ಅವರ ತುಳಿತಕ್ಕೆ ಉಬ್ಬುತ್ತಾ, ಕುಗ್ಗುತ್ತಾ ಕೃಷ್ಣನ ಪದ್ಯದ ಹತ್ತಿರಕ್ಕೆ ಬರುತ್ತಿತ್ತು. ಅಡುಗೆ ಮನೆಯಿಂದ ಅಜ್ಜಿ ಬಂದು ಬಾಗಿಲಿಗೆ ಒರಗಿ ನಿಂತರು. ಏನೂ ಮಾತಾಡಲಿಲ್ಲ.

ಈಗ ತಿಂಗಳಿಗೆರಡು ಭಾನುವಾರ ಊರಿಗೆ ಹೋಗುತ್ತೇನೆ. ತಿದಿಗೆ ಹೊಸ ಚರ್ಮ ಹಾಕಿಸಿದ್ದೇವೆ. ತಾತನ ನಡುಕ ಹಾಗೇ ಇದೆ, ಮಾತ್ರೆಯೂ ನಡೆಯುತ್ತಿದೆ. ನನ್ನ ಬೆರಳು ಇನ್ನೂ ಪಕ್ಕದ ಮನೆಗೆ ಹೋಗುತ್ತದೆ. ಆಗ ತಾತ ಕೃಷ್ಣನ ಹಾಗೆ ತಿರುಗಿ ನೋಡುತ್ತಾರೆ. ಆದರೆ ಕಾಲು ಮಾತ್ರ ನಿಲ್ಲಿಸುವುದಿಲ್ಲ.