ಹೂಳೆತ್ತಿದ ಮೇ ತಿಂಗಳು

ಮೇ 2020ರ ಕೊನೆಯ ವಾರ, ಕುಷ್ಟಗಿ ತಾಲ್ಲೂಕಿನ ಒಂದು ಕೆರೆ. ಏಳು ಗಂಟೆಗೇ ಬಿಸಿಲು ಬೆನ್ನಿಗೆ ಹತ್ತಿದೆ. ಏರಿಯ ಮೇಲೆ ನಿಂತು ನೋಡಿದರೆ ನೀರು ನಿಲ್ಲಬೇಕಾದ ಜಾಗದಲ್ಲೆಲ್ಲ ಮಂದಿ. ಗಂಡಸರು ಗುದ್ದಲಿ ಹಾಕಿ ಕಡಿಯುತ್ತಾರೆ, ಹೆಂಗಸರು ಬುಟ್ಟಿ ತುಂಬಿ, ತಲೆಗೆ ಸಿಂಬಿ ಇಟ್ಟು ಏರಿ ಹತ್ತುತ್ತಾರೆ. ಮಾಸ್ಕು ಹಾಕಿದವರು ಕಡಿಮೆ. ಟವೆಲ್ಲು, ಸೆರಗು ಬಾಯಿ ಮುಚ್ಚಿವೆ. ಹಾಜರಿ ಪುಸ್ತಕ ಹಿಡಿದ ಕಾಯಕ ಬಂಧು ಕೂಗುತ್ತಾನೆ: ‘ದೂರ ದೂರ ನಿಂದರ್ರೀ, ಫೋಟೋ ತೆಗಿಯಾಕ ಬರ್ತಾರ!’

ಒಂದು ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ನೋಡಿ. ಮೇಲ್ಪದರ ಬಿರುಕು ಬಿಟ್ಟಿದೆ. ಗೇಣು ಕೆಳಗೆ ಇನ್ನೂ ತಣ್ಣಗಿರುವ ಕರಿಮಣ್ಣು, ಹಿಡಿದರೆ ಉಂಡೆ ಕಟ್ಟುತ್ತದೆ; ನಡುವೆ ಸಣ್ಣ ಬಸವನಹುಳದ ಬಿಳಿ ಚಿಪ್ಪುಗಳು. ಗುಂಡಿಯ ಮಧ್ಯೆ ಮಣ್ಣಿನ ಕಂಬವೊಂದನ್ನು ಕಡಿಯದೆ ಉಳಿಸಿದ್ದಾರೆ. ಎಂಜಿನಿಯರ್ ಬಂದಾಗ ಆಳಕ್ಕೆ ಅದೇ ಸಾಕ್ಷಿ. ಅಳತೆ ಕೂಡಿದರೆ ದಿನಕ್ಕೆ 275 ರೂಪಾಯಿ. ಹೂಳು ಟ್ರ್ಯಾಕ್ಟರ್ ಏರಿ ಹೊಲಗಳಿಗೆ ಹೋಗುತ್ತದೆ. ಮಸಾರಿ ಹೊಲದವರಿಗೆ ಅದು ಪುಕ್ಕಟೆ ಗೊಬ್ಬರ.

ಕುಷ್ಟಗಿ, ಯಲಬುರ್ಗಾ ಕಡೆ ಬೇಸಿಗೆಯಲ್ಲಿ ಊರುಗಳಲ್ಲಿ ಉಳಿಯುವುದು ಮುದುಕರು, ಮಕ್ಕಳು. ಮಿಕ್ಕವರು ಬೆಂಗಳೂರು, ಮಂಗಳೂರು, ಗೋವಾ ಎಂದು ದುಡಿಯಲು ಹೋಗಿರುತ್ತಾರೆ. ಈ ಸಲ ಲಾಕ್‌ಡೌನ್ ಅವರನ್ನು ಊರಿಗೆ ತಂದು ಬಿಟ್ಟಿದೆ. ಮೇ 1ರ ಕೊರೊನಾ ಪಟ್ಟಿಯಲ್ಲಿ ಈ ತಾಲ್ಲೂಕುಗಳಿರುವ ಕೊಪ್ಪಳ ಜಿಲ್ಲೆ ಹಸಿರು ವಲಯ. ನೀರಾವರಿ, ಜಲಸಂರಕ್ಷಣೆಯ ಉದ್ಯೋಗ ಖಾತ್ರಿ ಕೆಲಸಕ್ಕೆ ಏಪ್ರಿಲ್‌ನಲ್ಲೇ ಕೇಂದ್ರದ ಅನುಮತಿ ಬಂದಿತ್ತು.

ಇತ್ತ ಗುದ್ದಲಿ ಬೀಳುತ್ತಿರುವಾಗ ಅತ್ತ ಹವಾಮಾನದ ದೊಡ್ಡ ಕೆಲಸಗಳೆಲ್ಲ ನಿಂತಿವೆ. ಗ್ಲಾಸ್ಗೋ ಶೃಂಗಸಭೆಯನ್ನು ಏಪ್ರಿಲ್ 1ರಂದೇ ಮುಂದೂಡಿದ್ದಾರೆ. ವಿಮಾನಗಳು ಹಾರದೆ, ಅವು ಮೇಲಿನ ಗಾಳಿಯ ಉಷ್ಣತೆ, ವೇಗ ಅಳೆದು ಕಳಿಸುತ್ತಿದ್ದ ಮಾಹಿತಿ ಮುಕ್ಕಾಲು ಪಾಲಿಗೂ ಹೆಚ್ಚು ಕಡಿಮೆಯಾಗಿದೆ ಎನ್ನುತ್ತದೆ ವಿಶ್ವ ಹವಾಮಾನ ಸಂಸ್ಥೆ. ಏಪ್ರಿಲ್ ಆರಂಭದಲ್ಲಿ ಜಗತ್ತಿನ ದಿನದ ಇಂಗಾಲದ ಹೊಗೆ ಶೇ 17ರಷ್ಟು ಇಳಿದಿತ್ತು. ಆದರೂ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ಆ ಮೇ ತಿಂಗಳ ಅಳತೆ 417 ಪಿಪಿಎಂ, ಅದುವರೆಗಿನ ದಾಖಲೆ. ಹಳ್ಳ ಸಣ್ಣದಾದ ಮಾತ್ರಕ್ಕೆ ಕೆರೆ ಇಳಿಯುತ್ತದೆಯೇ?

ಇದೇ ಜಿಲ್ಲೆಯ ಗಂಗಾವತಿಗೆ ಹೋದರೆ ನೋಟವೇ ಬೇರೆ: ತುಂಗಭದ್ರಾ ಎಡದಂಡೆ ಕಾಲುವೆ, ಕಣ್ಣು ಹಾಯುವಷ್ಟೂ ಗದ್ದೆ. ಅಲ್ಲೂ ಏಪ್ರಿಲ್‌ನಲ್ಲಿ ಕೊಯ್ಲಿಗೆ ಬಂದ ಭತ್ತದ ಮೇಲೆ ಆಲಿಕಲ್ಲು ಸುರಿದು ಕಾಳು ನೆಲ ಕಂಡಿತು. ಹವಾಮಾನ ಲಾಕ್‌ಡೌನ್ ಪಾಲಿಸಲಿಲ್ಲ.

ಮೇ 17ರಂದು ಕೇಂದ್ರ ಸರ್ಕಾರ ಖಾತ್ರಿಗೆ ಹೆಚ್ಚುವರಿಯಾಗಿ 40,000 ಕೋಟಿ ಘೋಷಿಸಿತು. ಹವಾಮಾನ ಹೊಂದಾಣಿಕೆ ಎಂದು ವರದಿಗಳು ಬರೆಯುವುದು ಈ ಕೆರೆಯ ಕೆಲಸವನ್ನೇ. ದುಡ್ಡು ಬಂದದ್ದು ಮಾತ್ರ ರೋಗದ ಲೆಕ್ಕದಲ್ಲಿ. ನನಗೆ ಅನುಮಾನ ಹುಟ್ಟುವುದು ಇಲ್ಲೇ. ಪರಿಹಾರದ ಹೆಸರಲ್ಲಿ ಬಂದ ದುಡ್ಡು ಪರಿಹಾರದ ಜೊತೆಗೇ ಹೋಗುತ್ತದೆ. ಬಜೆಟ್ಟಿನ 61,500 ಕೋಟಿಗೆ ಈ 40,000 ಕೋಟಿ ಸೇರಿ ಆ ವರ್ಷ ಲಕ್ಷ ಕೋಟಿ ದಾಟಿತು. ಮುಂದಿನ ಫೆಬ್ರುವರಿಯ ಬಜೆಟ್‌ನಲ್ಲಿ ಇಟ್ಟದ್ದು 73,000 ಕೋಟಿ. ಬರ ಮಾತ್ರ ಬಜೆಟ್ ನೋಡಿ ಬರುವುದಿಲ್ಲ.

ಹತ್ತು ಗಂಟೆ. ಬುತ್ತಿ ಬಿಚ್ಚುವ ಹೊತ್ತು: ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಬೆಂಗಳೂರಲ್ಲಿ ಗಾರೆ ಕೆಲಸ ಮಾಡುತ್ತಿದ್ದವನೊಬ್ಬ ಪಕ್ಕದವನಿಗೆ ಹೇಳುತ್ತಿದ್ದಾನೆ: ‘ಬಸ್ ಚಾಲೂ ಆಗ್ಯಾವ. ಮೇಸ್ತ್ರಿ ಫೋನ್ ಹಚ್ಚಿದ್ದ, ಬಾ ಅಂತಾನ.’

‘ಇಲ್ಲಿ ನೂರು ದಿನ ಮುಗಿಸಿ ಹೋಗೋ.’

‘ನೂರು ದಿನ ಕೊಟ್ರ ಹೋಗೂದಿಲ್ಲ. ಕೊಡ್ತಾರೇನು, ಅದನ್ನ ಹೇಳು.’