ಅಣ್ಣನವರ ಗಣಕಯಂತ್ರ



ಹೊಳೆನರಸೀಪುರದ ನಮ್ಮ ಮನೆಯಲ್ಲಿ ಒಂದು ಹಳೆಯ ಗಣಕಯಂತ್ರವುಂಟು. ನಮ್ಮ ಅಣ್ಣನವರು 1989ರಲ್ಲಿ ಕೊಂಡು ತಂದದ್ದು, ಐ.ಬಿ.ಎಂ. ಎಕ್ಸ್‌ಟಿ ಮಾದರಿಯದು. ಒಳಗಿರುವ ಹಾರ್ಡ್ ಡಿಸ್ಕು ಸೀಗೇಟ್ ಎಸ್‌ಟಿ-225. ಹಿಡಿಯುವುದು 20 ಮೆಗಾಬೈಟು. ಇಂದಿನ ಮೊಬೈಲಿನ ಹತ್ತು ಚಿತ್ರಗಳಿಗೂ ಸಾಲದು. ಮುಂದೆ ಅವರು ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಹಾಕಿಸಿ, ಪರದೆಯ ಮೇಲೆ ಕನ್ನಡ ಮೂಡುವಂತೆ ಮಾಡಿಕೊಂಡರು. ಅರಕಲಗೂಡಿನ ನಮ್ಮ ಸೋದರತ್ತೆಯವರು ಬೀಸುವಾಗ ಹಾಡುತ್ತಿದ್ದ ಪದಗಳನ್ನು ಕೇಳಿ ಕೇಳಿ ಅದರಲ್ಲಿ ಬೆರಳಚ್ಚು ಮಾಡಿದರು. ಈಗ ಅತ್ತೆಯವರೂ ಇಲ್ಲ, ಅಣ್ಣನವರೂ ಇಲ್ಲ. ಪದಗಳು ಆ ತಟ್ಟೆಯ ಮೇಲೆ ಮಾತ್ರ ಉಳಿದಿದ್ದವು.

ಯಂತ್ರವು ಬಹಳ ನಿಧಾನ. ಇದರ ಕಾರಣವನ್ನು ತಿಳಿದಾಗ ನನಗೆ ವಿದ್ಯಾರ್ಥಿನಿಲಯದ ಪಂಕ್ತಿಯೇ ನೆನಪಾಯಿತು. ತಮ್ಮಲ್ಲಿ ಅನೇಕರು ಅಲ್ಲಿ ಕುಳಿತು ಉಂಡವರೇ. ಬಡಿಸುವವನು ಬಂದಾಗ ಎಲೆಯಲ್ಲಿನ ಅನ್ನ ಮುಗಿದಿರದಿದ್ದರೆ, ಅವನು ಇನ್ನೊಂದು ಸುತ್ತು ಬರುವವರೆಗೆ ಕಾಯಬೇಕಷ್ಟೆ. ಡಿಸ್ಕಿನ ತಟ್ಟೆಯು ನಿಮಿಷಕ್ಕೆ 3600 ಬಾರಿ ಸುತ್ತುತ್ತದೆ. ಅದರ ಒಂದೊಂದು ಪಥದಲ್ಲಿ 17 ತುಂಡುಗಳು. ಹಳೆಯ ನಿಯಂತ್ರಕ ಕಾರ್ಡು ಒಂದು ತುಂಡನ್ನು ಅರಗಿಸಿಕೊಳ್ಳುವಷ್ಟರಲ್ಲಿ ಮುಂದಿನದು ದಾಟಿ ಹೋಗಿರುತ್ತದೆ. ಆದುದರಿಂದ ತುಂಡುಗಳ ಸಂಖ್ಯೆಗಳನ್ನು ಸಾಲಾಗಿ ಇಡದೆ ಅಂತರ ಬಿಟ್ಟು ಇಡುತ್ತಿದ್ದರು. ಐ.ಬಿ.ಎಂ.ನ ಮೂಲ ಎಕ್ಸ್‌ಟಿಯಲ್ಲಿ ಒಂದು ಪಥವನ್ನು ಓದಲು ಆರು ಸುತ್ತು ಬೇಕಾಗುತ್ತಿತ್ತು. ಸೆಕೆಂಡಿಗೆ 500 ಕಿಲೋಬೈಟು ಬರಬಹುದಾದ ಕಡೆ 90 ಕೂಡ ಬರುತ್ತಿರಲಿಲ್ಲ.

ಹಾಸನದ ಒಬ್ಬ ದುರಸ್ತಿಗಾರರು, “ವೇಗದ ಕಂಟ್ರೋಲರ್ ಹಾಕಿಕೊಡುತ್ತೇನೆ, ಡಿಸ್ಕನ್ನು ಒಮ್ಮೆ ಫಾರ್ಮ್ಯಾಟ್ ಮಾಡಿದರಾಯಿತು” ಎಂದರು. ನಾನು ಒಪ್ಪಿಯೇ ಬಿಟ್ಟಿದ್ದೆನು. ಚನ್ನರಾಯಪಟ್ಟಣದಿಂದ ಬಂದ ತಂಗಿಯ ಮಗನು ತಡೆದನು. “ಮಾವ, ಈ ಕಾಲದ ಡಿಸ್ಕಿನ ಬರಹ ಅದನ್ನು ಬರೆದ ಕಾರ್ಡಿನ ಜಾತಿಗೇ ಅಂಟಿಕೊಂಡಿರುತ್ತದೆ. ಬೇರೆ ಕಾರ್ಡಿಗೆ ಅದು ಓದಲು ಬಾರದೇ ಹೋಗಬಹುದು. ಫಾರ್ಮ್ಯಾಟ್ ಮಾಡಿದರಂತೂ ದೊಡ್ಡಮಾವ ಬರೆದದ್ದು ಒಂದಕ್ಷರವೂ ಉಳಿಯುವುದಿಲ್ಲ” ಎಂದನು. ನನ್ನ ಕೈಕಾಲು ತಣ್ಣಗಾದವು. ಓದು ಬಲ್ಲವನೆಂಬ ನನ್ನ ಹೆಮ್ಮೆಗೆ ಅಂದು ಸರಿಯಾದ ಪೆಟ್ಟೇ ಬಿತ್ತು.

ಅವನು ಹಳೆಯ ಕಾರ್ಡನ್ನು ಕದಲಿಸಲಿಲ್ಲ. ಪಕ್ಕದ ಖಾಲಿ ಸ್ಥಾನದಲ್ಲಿ ಹವ್ಯಾಸಿಗಳು ರೂಪಿಸಿದ ಎಕ್ಸ್‌ಟಿ-ಐಡಿಇ ಎಂಬ ಹೊಸ ಕಾರ್ಡನ್ನು ಕೂರಿಸಿ, ಅದಕ್ಕೆ ಬೆಂಕಿಪೊಟ್ಟಣಕ್ಕಿಂತ ತೆಳುವಾದ ಒಂದು ಕಾಂಪ್ಯಾಕ್ಟ್ ಫ್ಲ್ಯಾಶನ್ನು ಡಿಸ್ಕಿನ ಬದಲಾಗಿ ಜೋಡಿಸಿದನು. ಗುಂಡಿ ಒತ್ತಿದರೆ ಯಂತ್ರ ಏಳಲಿಲ್ಲ! ಎರಡೂ ಕಾರ್ಡುಗಳ ರಾಮ್ ಅಲ್ಲದ ರೋಮ್ ಎಂಬ ಸ್ಮೃತಿಗಳು ಒಂದೇ ವಿಳಾಸದಲ್ಲಿ ನಿಂತಿದ್ದುವಂತೆ. ಒಂದೇ ಮನೆ ಸಂಖ್ಯೆಗೆ ಇಬ್ಬರು ಯಜಮಾನರಿದ್ದ ಹಾಗೆ. ಹೊಸದರ ವಿಳಾಸವನ್ನು ಬದಲಿಸಿದ ಮೇಲೆ ಎರಡೂ ಎಚ್ಚೆತ್ತವು. ಡಾಸ್ 3.3 ಒಂದು ಭಾಗಕ್ಕೆ 32 ಮೆಗಾಬೈಟಿಗಿಂತ ಹೆಚ್ಚು ಒಪ್ಪದಾದ್ದರಿಂದ ಅಷ್ಟಕ್ಕೇ ಬೇಲಿ ಹಾಕಿ, ಕಡತಗಳನ್ನು ಒಂದೊಂದಾಗಿ ನಕಲು ಮಾಡತೊಡಗಿದೆವು.

ಹಳೆಯ ಡಿಸ್ಕು ಕಿರುಗುಟ್ಟುತ್ತಲೇ ಇತ್ತು. ಮೂರು ಕಡೆ ಓದಲಾಗದೆ ನಿಂತಿತು. ಒಂದು ಕಡತದ ನಡುವಿನ ಭಾಗ ಹೋಯಿತು. ಉಳಿದವೆಲ್ಲ ಬಂದವು. ಮರುದಿನ ಬೆಳಗ್ಗೆ ಆ ಡಿಸ್ಕು ತಿರುಗಲೇ ಇಲ್ಲ.

ಈಗ ಯಂತ್ರ ಚುರುಕಾಗಿದೆ. ಆದರೆ ಆ ಚುರುಕನ್ನು ನಾನು ಹೆಚ್ಚು ಗಮನಿಸಲಿಲ್ಲ. ಪದಗಳ ಪ್ರತಿ ತೆಗೆದುಕೊಂಡು ಅರಕಲಗೂಡಿಗೆ ಹೋಗಿ ಅತ್ತೆಯವರ ಮಗಳ ಮುಂದೆ ಓದಿದೆನು. ಅಳಿದುಹೋದ ಜಾಗ ಬಂದಾಗ ಆಕೆ ಕಣ್ಣು ಮುಚ್ಚಿ ಎರಡು ನುಡಿಗಳನ್ನು ಹಾಡಿಬಿಟ್ಟರು. ಮೂರನೆಯದು ಆಕೆಗೂ ಬರಲಿಲ್ಲ. ಆ ಜಾಗವನ್ನು ಖಾಲಿಯಾಗಿಯೇ ಬಿಟ್ಟಿದ್ದೇನೆ.