ಕನ್ನಡಿಯಿಲ್ಲದ ಕ್ಯಾಮರಾ

ಜೇಬಿನಲ್ಲಿರುವ ಫೋನೇ ಚಿತ್ರ ತೆಗೆಯುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿರುವಾಗ, ಗಂಡ ಹೆಂಡತಿ ಸೇರಿ 28,000 ರೂಪಾಯಿ ಕೊಟ್ಟು ಯಾರೋ ಬಳಸಿ ಬಿಟ್ಟ ಕ್ಯಾಮರಾ ಒಂದನ್ನು ಮನೆಗೆ ತಂದರೆ ನೆಂಟರಿಷ್ಟರು ಹುಬ್ಬೇರಿಸದೆ ಇರುತ್ತಾರೆಯೇ? 2022ರ ಡಿಸೆಂಬರಿನಲ್ಲಿ ನಾವು ಅದನ್ನು ಕೊಂಡಾಗ ಶಿವಮೊಗ್ಗದ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಇದು ಫೋನಿಗಿಂತ ಚೆನ್ನಾಗಿ ತೆಗೆಯುತ್ತದಾ?" ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಆದರೆ ಆ ಪ್ರಶ್ನೆಯೇ ಅರ್ಧ ಪ್ರಶ್ನೆ ಎಂದು ನಮಗೆ ಅನ್ನಿಸತೊಡಗಿದ್ದು ಅದನ್ನು ಕೈಯಲ್ಲಿ ಹಿಡಿದು ನಾಲ್ಕು ಜನರ ನಡುವೆ ಓಡಾಡಿದ ಮೇಲೆ.

ನಮ್ಮದು ಒಲಿಂಪಸ್ ಕಂಪೆನಿಯ ಇ-ಎಂ10 ಮಾರ್ಕ್ 2. ಇದು 2015ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ಈಗ ತಯಾರಿಕೆಯಲ್ಲಿಲ್ಲ. ಇಂತಹ ಕ್ಯಾಮರಾಗಳಿಗೆ ಮಿರರ್‌ಲೆಸ್ ಎಂದು ಹೆಸರು, ಅಂದರೆ ಕನ್ನಡಿ ಇಲ್ಲದ್ದು. ಮದುವೆ ಮನೆಗಳಲ್ಲಿ ನಾವೆಲ್ಲ ಕಂಡಿರುವ ದಪ್ಪ ಕ್ಯಾಮರಾಗಳ ಹೊಟ್ಟೆಯೊಳಗೆ ಓರೆಯಾಗಿ ನಿಂತ ಕನ್ನಡಿಯೊಂದಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಿನ ಗಾಜಿನ ಮೂಲಕ ಕಣ್ಣಿಗೆ ತಲುಪಿಸುತ್ತದೆ, ಗುಂಡಿ ಒತ್ತಿದಾಗ 'ಟಕ್' ಎಂದು ಮೇಲೇಳುತ್ತದೆ. 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸಾನಿಕ್ ಸೇರಿ ಆ ಕನ್ನಡಿಯನ್ನೇ ತೆಗೆದು ಹಾಕುವ ಹೊಸ ಪದ್ಧತಿಯನ್ನು ಪ್ರಕಟಿಸಿದವು; ಅದೇ ವರ್ಷ ಪ್ಯಾನಸಾನಿಕ್‌ನ ಜಿ1 ಬಂತು. ಕನ್ನಡಿ ಹೋದ ಮೇಲೆ ಅದು ಓಡಾಡುವ ಜಾಗವೂ ಬೇಡವಾಯಿತು. ನಿಕಾನ್‌ನ ಹಳೆಯ ಪದ್ಧತಿಯಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರಿಗೂ ನಡುವೆ 46.5 ಮಿಲಿಮೀಟರ್ ಅಂತರವಿತ್ತು, ಇದರಲ್ಲಿ ಅದು 19.25ಕ್ಕೆ ಇಳಿಯಿತು. ದೇಹ ತೆಳ್ಳಗಾಯಿತು, ಲೆನ್ಸುಗಳೂ ಕುಗ್ಗಿದವು.

ಅಂಕಿಗಳಲ್ಲಿ ಹೇಳುವುದಾದರೆ ಬ್ಯಾಟರಿ, ಕಾರ್ಡು ಸೇರಿ ನಮ್ಮ ಕ್ಯಾಮರಾದ ತೂಕ 390 ಗ್ರಾಂ. ಅದರೊಂದಿಗೆ ಬಂದ ಬಿಲ್ಲೆಯಂತಹ 14-42 ಮಿ.ಮೀ. ಲೆನ್ಸಿನ ತೂಕ 93 ಗ್ರಾಂ. ಎರಡೂ ಸೇರಿ ಅರ್ಧ ಕಿಲೋ ಒಳಗೆ. ಭಾವನವರ ಬಳಿ ಇರುವ ನಿಕಾನ್ ಡಿ90 ಬ್ಯಾಟರಿ ಇಲ್ಲದೆಯೇ 620 ಗ್ರಾಂ, ಅದರ ಲೆನ್ಸ್ ಮತ್ತೆ 400 ಗ್ರಾಂ ದಾಟುತ್ತದೆ. ಒಳ್ಳೆಯ ಕ್ಯಾಮರಾವೇ, ಆದರೆ ವರ್ಷದ ಮುನ್ನೂರೈವತ್ತು ದಿನ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿರುತ್ತದೆ. ನಮ್ಮದು ತರಕಾರಿ ಚೀಲದಲ್ಲಿ ಕೊತ್ತಂಬರಿ ಸೊಪ್ಪಿನ ಮೇಲೆ ಕೂತು ಗಾಂಧಿ ಬಜಾರಿಗೆ ಹೋಗಿ ಬರುತ್ತದೆ. ದಿನನಿತ್ಯದ ಬಳಕೆಗೆ ಎಂದರೆ ನಮ್ಮ ಲೆಕ್ಕದಲ್ಲಿ ಇಷ್ಟೇ ಅರ್ಥ.

ಪ್ರವಾಸದ ಪರೀಕ್ಷೆ ಮಾತ್ರ ಇಷ್ಟು ಸುಲಭವಲ್ಲ. 2023ರ ಚಳಿಗಾಲದಲ್ಲಿ ಬಸ್ಸು ರೈಲು ಬದಲಿಸುತ್ತಾ ವಿಜಯಪುರ, ಕಲಬುರಗಿ, ಬೀದರ್ ಸುತ್ತಿದೆವು. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು. ಸಾಮಾನ್ಯವಾಗಿ ಮಸೀದಿಗಳಿಗೆ ತೆರೆದ ಅಂಗಳವಿರುತ್ತದೆ, ಇದಕ್ಕೆ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡವೇ ಛಾವಣಿಯ ಕೆಳಗಿದೆ. ಒಳಗೆ ಕಮಾನಿನ ಹಿಂದೆ ಕಮಾನು, ಬದಿಗಳಿಂದ ತೂರಿ ಬರುವ ಬೆಳಕು ನಡುವಿಗೆ ತಲುಪುವಷ್ಟರಲ್ಲಿ ಸೋತಿರುತ್ತದೆ. ಇಂತಹ ಕಡೆ ಷಟರ್ ಹೆಚ್ಚು ಹೊತ್ತು ತೆರೆದಿರಬೇಕು, ಕೈ ಅಷ್ಟು ಹೊತ್ತು ಅಲುಗದಿರಬೇಕು. ಟ್ರೈಪಾಡ್ ಒಯ್ಯೋಣವೆಂದರೆ ಸಂರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಬೇರೆ ಅನುಮತಿ ಬೇಕು. ಈ ಕ್ಯಾಮರಾದ ದೊಡ್ಡ ಗುಣ ಅಲ್ಲಿ ತಿಳಿಯಿತು. ಇದರ ಸೆನ್ಸರ್ ಒಳಗೆ ತೇಲುವಂತೆ ಕೂತಿದ್ದು, ಕೈ ಎತ್ತ ನಡುಗುತ್ತದೋ ಅದಕ್ಕೆ ವಿರುದ್ಧವಾಗಿ ತಾನು ಸರಿಯುತ್ತದೆ. ಆ ಅಗಲದ ಲೆನ್ಸಿಗೆ ಬರಿಗೈಯಲ್ಲಿ ಸೆಕೆಂಡಿನ 30ನೇ ಒಂದು ಭಾಗಕ್ಕಿಂತ ನಿಧಾನ ಹೋಗಬಾರದೆಂಬುದು ಹಳಬರ ಲೆಕ್ಕ. ನಾವು ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು, ಕಾಲು ಸೆಕೆಂಡಿನಲ್ಲಿ ತೆಗೆದ ಕಮಾನುಗಳು ಕೊರೆದಿಟ್ಟ ಹಾಗೆ ಬಂದಿವೆ.

ಗೋಲ ಗುಮ್ಮಟದ ಮೂಲೆಗೋಪುರಗಳ ಕಡಿದಾದ ಮೆಟ್ಟಿಲುಗಳನ್ನು ಹತ್ತುವಾಗ ಅರ್ಧ ಕಿಲೋಗೂ ಒಂದೂವರೆ ಕಿಲೋಗೂ ಇರುವ ವ್ಯತ್ಯಾಸ ಮೊಣಕಾಲಿಗೆ ಗೊತ್ತಾಗುತ್ತದೆ. ಆದರೆ ಹೊರ ವ್ಯಾಸ 44 ಮೀಟರ್ ಇರುವ ಆ ಗುಮ್ಮಟವನ್ನು ಒಳಗಿನಿಂದ ಪೂರ್ತಿ ಹಿಡಿಯಲು ನಮ್ಮ ಲೆನ್ಸಿನ ಅಗಲ ಸಾಲಲಿಲ್ಲ. ಪಕ್ಕದಲ್ಲಿದ್ದ ಕಾಲೇಜು ಹುಡುಗ ತನ್ನ ಫೋನಿನಲ್ಲಿ ಅದನ್ನು ಇಡಿಯಾಗಿ ಹಿಡಿದು ತೋರಿಸಿ ನಕ್ಕ. ಬೀದರಿನಲ್ಲಿ ಮಹಮೂದ್ ಗವಾನನ 1472ರ ಮದ್ರಸಾದ ಗೋಡೆಯಲ್ಲಿ ಉಳಿದಿರುವ ನೀಲಿ ಹೆಂಚುಗಳ ಬಣ್ಣದಲ್ಲಿ ಮಾತ್ರ ನಮ್ಮದೇ ಮೇಲುಗೈ.

ಇನ್ನು ಕಾಟಗಳು. ಇದರ ಸೆನ್ಸರ್ 17.3 ಮಿ.ಮೀ. ಅಗಲ, 13 ಮಿ.ಮೀ. ಎತ್ತರ, ಹಳೆಯ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ ಸುಮಾರು ಕಾಲು ಭಾಗ. ಆದ್ದರಿಂದ ಕತ್ತಲಾದಂತೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ. ಐಎಸ್‌ಒ 3200 ದಾಟುವುದು ನಮಗೆ ಇಷ್ಟವಿಲ್ಲ. ಇಂದಿನ ಫೋನುಗಳು ಒಂದರ ಮೇಲೊಂದು ಹಲವು ಚಿತ್ರಗಳನ್ನು ತೆಗೆದು ಬೆಸೆಯುವುದರಿಂದ ರಾತ್ರಿಯ ಬೀದಿಯಲ್ಲಿ ಎಷ್ಟೋ ಸಲ ಅವೇ ಗೆಲ್ಲುತ್ತವೆ. ಇದನ್ನು ಒಪ್ಪಿಕೊಳ್ಳಲು ಸಂಕೋಚವೇಕೆ? ಓಡುವ ಮಕ್ಕಳ ಮೇಲೆ ಫೋಕಸ್ ನಿಲ್ಲಿಸುವುದರಲ್ಲಿ ಇದು ತೀರಾ ದುರ್ಬಲ. ಬ್ಯಾಟರಿ 320 ಚಿತ್ರಗಳಿಗೆ ಎಂದು ಕಂಪೆನಿಯ ಲೆಕ್ಕ. ಯುಎಸ್‌ಬಿ ತಂತಿಯಿಂದ ಚಾರ್ಜ್ ಆಗುವುದಿಲ್ಲ, ಪ್ರತ್ಯೇಕ ಚಾರ್ಜರ್ ಹೊತ್ತುಕೊಂಡು ಹೋಗಬೇಕು. ಮೆನುಗಳೋ, ಸರಕಾರಿ ಕಚೇರಿಯ ಕಡತಗಳ ಹಾಗೆ: ಬೇಕಾದದ್ದು ಇದ್ದೇ ಇರುತ್ತದೆ, ಎಲ್ಲಿದೆ ಎಂಬುದು ಮಾತ್ರ ತಿಳಿಯದು. ಸದ್ದಿಲ್ಲದೆ ಚಿತ್ರ ತೆಗೆಯುವ ಎಲೆಕ್ಟ್ರಾನಿಕ್ ಷಟರ್ ಇದೆ. ಆದರೆ ತಾಳಗುಪ್ಪದ ರೈಲಿನ ಕಿಟಕಿಯಿಂದ ಅದನ್ನು ಬಳಸಿ ನೋಡಿದಾಗ ಹಳಿಬದಿಯ ಕಂಬಗಳೆಲ್ಲ ಗಾಳಿಗೆ ಬಾಗಿದಂತೆ ಓರೆಯಾಗಿ ಬಂದವು. ಸೆನ್ಸರ್ ಸಾಲುಸಾಲಾಗಿ ಚಿತ್ರವನ್ನು ಓದುವಷ್ಟರಲ್ಲಿ ಕಂಬ ಸರಿದುಬಿಟ್ಟಿರುತ್ತದೆ. ಟ್ಯೂಬ್‌ಲೈಟಿನ ಕೆಳಗಾದರೆ ಅದೇ ಕಾರಣಕ್ಕೆ ಕಪ್ಪು ಪಟ್ಟಿಗಳು ಮೂಡುತ್ತವೆ.

ಇಷ್ಟೆಲ್ಲ ಇದ್ದೂ ಇದನ್ನು ಮಾರದೆ ಇಟ್ಟುಕೊಂಡಿರುವುದೇಕೆ ಎಂದರೆ, ಅದಕ್ಕೆ ನಮ್ಮ ಮನೆಗಳ ಹೆಂಗಸರ ಕೋಣೆಯ ಸಂಗತಿಯನ್ನು ಹೇಳಬೇಕು.

ನಮ್ಮ ಕಡೆಯ ಮದುವೆಗಳಲ್ಲಿ ಗಂಡಸರ ಭಾಗದಲ್ಲಿ ಫೋಟೋಗ್ರಾಫರು, ವಿಡಿಯೋದವರು, ಈಗ ಡ್ರೋನಿನವರೂ ತುಂಬಿರುತ್ತಾರೆ. ಪರದೆಯಾಚೆ ಹಳದಿ ಹಚ್ಚುವ, ಮೆಹಂದಿ ಇಡುವ, ಹಾಡುವ, ಗೇಲಿ ಮಾಡುವ ಲೋಕ ಆಲ್ಬಮ್ಮಿಗೆ ಬರುವುದೇ ಇಲ್ಲ. ನಮ್ಮಿಬ್ಬರಲ್ಲಿ ಗಂಡನಿಗೆ ಅಲ್ಲಿ ಪ್ರವೇಶವಿಲ್ಲ, ಹೆಂಡತಿಗೆ ಉಂಟು. ಮೊದಲು ಆಕೆ ಫೋನ್ ಹಿಡಿದೇ ಹೋಗುತ್ತಿದ್ದಳು. ಫೋನ್ ಎತ್ತಿದ ಕ್ಷಣ ದುಪಟ್ಟಾಗಳು ಮುಖಕ್ಕೆ ಏರುತ್ತಿದ್ದವು. ಅದರಲ್ಲಿ ತಪ್ಪೇನೂ ಇಲ್ಲ. ಯಾವುದೋ ಮದುವೆಯಲ್ಲಿ ತೆಗೆದ ಚಿತ್ರ ಸಂಜೆಯೊಳಗೆ ಯಾರ್‍ಯಾರದೋ ವಾಟ್ಸಪ್‌ಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಒಬ್ಬ ಹುಡುಗಿಯ ಓದಿಗೆ ಕುತ್ತು ಬಂದದ್ದನ್ನು ನಮ್ಮ ಬಂಧುಬಳಗದಲ್ಲೇ ಕಂಡಿದ್ದೇವೆ. ಚಿತ್ರ ತೆಗೆದವಳದು ಕೆಟ್ಟ ಉದ್ದೇಶವಾಗಿರಲಿಲ್ಲ. ಆದರೆ ಕೈ ಬಿಟ್ಟ ಚಿತ್ರವನ್ನು ಹಿಂದಕ್ಕೆ ಕರೆಯುವುದು ಯಾರಿಂದ ಸಾಧ್ಯ?

ಈ ಪುಟ್ಟ ಕ್ಯಾಮರಾವನ್ನು ಮೊದಲ ಸಲ ಒಳಗೆ ಒಯ್ದಾಗ ಖಾಲಾ ಒಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಿಂದ ಚಿತ್ರ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರು. ಎಲ್ಲಿಗೂ ಹೋಗುವುದಿಲ್ಲ, ಈ ಕಾರ್ಡಿನಲ್ಲೇ ಇರುತ್ತದೆ ಎಂದು ತೆಗೆದು ತೋರಿಸಲಾಯಿತು. ಉಗುರಿನಷ್ಟು ಅಗಲದ ಕಾರ್ಡು. ವೈಫೈ ಮೂಲಕ ಫೋನಿಗೆ ಕಳಿಸುವ ಸೌಲಭ್ಯ ಇದರಲ್ಲೂ ಇದೆ. ಅದನ್ನು ಬಳಸುವುದಿಲ್ಲವೆಂದೂ, ಪ್ರಿಂಟ್ ಹಾಕಿಸಿ ಆಯಾ ಮನೆಗೇ ಕೊಟ್ಟು ಉಳಿದದ್ದನ್ನು ಅಳಿಸುತ್ತೇವೆಂದೂ ಮಾತು ಕೊಟ್ಟೆವು. ಇಂದಿಗೂ ಆ ಮಾತಿಗೆ ತಪ್ಪಿಲ್ಲ. ನಮಗೆ ಪರಿಚಯವಿರುವ ಸ್ಟುಡಿಯೋದಲ್ಲಿ ಹೆಣ್ಣುಮಗಳೊಬ್ಬಳೇ ಪ್ರಿಂಟ್ ಮಾಡುವುದರಿಂದ ಆ ತೊಡಕೂ ನಿವಾರಣೆಯಾಯಿತು. ಅಂದಿನಿಂದ ಕೋಣೆಯ ಬಾಗಿಲು ತೆರೆದಿದೆ. ವಿಚಿತ್ರವೆಂದರೆ, ತಯಾರಕರು ವರ್ಷವರ್ಷವೂ ಯಾವ ಸಂಪರ್ಕವನ್ನು ಹೆಚ್ಚಿಸಲು ಹೆಣಗುತ್ತಿದ್ದಾರೋ ಅದು ಇಲ್ಲದಿರುವುದೇ ಇಲ್ಲಿ ಗುಣವಾಗಿ ಪರಿಣಮಿಸಿತು.

ಇನ್ನೊಂದು ಗುಣ ಇದರ ಹಿಂಬದಿಯ ಪರದೆಯದು. ಅದನ್ನು ಮೇಲಕ್ಕೆ ಓರೆ ಮಾಡಬಹುದು. ಕ್ಯಾಮರಾವನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ನೋಡಿ, ಪರದೆಯ ಮೇಲೆ ಬೆರಳಿಟ್ಟರೆ ಸಾಕು, ಅಲ್ಲಿಗೇ ಫೋಕಸ್ ಆಗಿ ಚಿತ್ರ ಬರುತ್ತದೆ. ತೆಗೆಯುವವರ ಮುಖ ಯಂತ್ರದ ಹಿಂದೆ ಅಡಗುವುದಿಲ್ಲ, ಮಾತು ಮುರಿಯುವುದಿಲ್ಲ. ಎದುರಿಗಿರುವವರು ಕ್ಯಾಮರಾದೊಂದಿಗಲ್ಲ, ನಮ್ಮೊಂದಿಗೇ ಮಾತಾಡುತ್ತಿರುತ್ತಾರೆ. ಕದ್ದು ತೆಗೆಯುವುದಕ್ಕೂ ಇದು ಅನುಕೂಲವೇ ಅಲ್ಲವೇ ಎಂದು ಓದುಗರು ಕೇಳಬಹುದು. ಹೌದು. ಅದಕ್ಕೇ ಒಳಗೆ ಸದ್ದಿಲ್ಲದ ಷಟರನ್ನು ನಾವು ಬಳಸುವುದಿಲ್ಲ. ಮೆತ್ತಗೆ 'ಚಿಟ್' ಎನ್ನುವ ಸದ್ದು ಕೇಳಿಸಲಿ, ಬೇಡವೆನ್ನುವವರು ಬೇಡವೆನ್ನಲಿ.

ಬೇಡವೆಂದವರಲ್ಲಿ ನಮ್ಮ ನಾನಿಯೂ ಒಬ್ಬರು. ಎಂಬತ್ತು ದಾಟಿದ ಜೀವ. ಅವರ ಜೀವಮಾನದ ಚಿತ್ರಗಳೆಂದರೆ ಹಜ್ಜಿಗೆ ಹೊರಟಾಗ ಪಾಸ್‌ಪೋರ್ಟಿಗೆ ತೆಗೆಸಿದ್ದೊಂದು, ಮತದಾರರ ಚೀಟಿಯದ್ದೊಂದು, ಆಧಾರ್ ಕಾರ್ಡಿನದ್ದೊಂದು. ಮೂರೂ ಸರಕಾರ ಕೇಳಿದ್ದಕ್ಕೆ ಕೊಟ್ಟವು. ಮೂರರಲ್ಲೂ ಅವರು ಅವರಂತಿಲ್ಲ. ಪಟ ತೆಗೆಸಿಕೊಳ್ಳುವುದು ಸರಿಯಲ್ಲವೆಂದು ಅವರ ತಂದೆ ಹೇಳುತ್ತಿದ್ದರಂತೆ, ಅದನ್ನವರು ಮೀರಿದವರಲ್ಲ. ಅವರನ್ನು ವಾದಿಸಿ ಒಪ್ಪಿಸುವುದು ನಮಗೂ ಬೇಡವಾಗಿತ್ತು. 2024ರಲ್ಲಿ ಈದ್‌ಗೆ ಮುಂಚೆ ಅವರು ಮೊರದಲ್ಲಿ ಶ್ಯಾವಿಗೆ ಹರಡುತ್ತಿದ್ದಾಗ ಕೈಗಳನ್ನು ಮಾತ್ರ ತೆಗೆಯಬಹುದೇ ಎಂದು ಕೇಳಿದೆವು. ಕೈ ತಾನೇ, ತೆಗೆಯಿರಿ ಎಂದರು. ಕಿಟಕಿಯ ಬೆಳಕಿಗೆ ಆ ನರಗಳು, ಸವೆದ ಉಂಗುರ, ಬೆರಳ ಸಂದಿನಲ್ಲಿ ಕೂದಲೆಳೆಯಂತಹ ಶ್ಯಾವಿಗೆ. 16 ಮೆಗಾಪಿಕ್ಸೆಲ್ ಈಗಿನ ಕಾಲಕ್ಕೆ ಕಡಿಮೆ ಎನ್ನುತ್ತಾರೆ, ಆದರೆ ಅದು 15 ಇಂಚು ಅಗಲದ ಪ್ರಿಂಟಿಗೆ ಧಾರಾಳ. ನಾವು 12 ಇಂಚಿನದ್ದು ಹಾಕಿಸಿ ಕೊಟ್ಟೆವು.

ನಾನಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಯಾಕೆ ಬೇಟಿ, ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ?" ಎಂದು ಕೇಳಿದರು.

ಮುಖದ ಚಿತ್ರಕ್ಕೆ ಅವರು ಹಾಕಿದ ಷರತ್ತು ಎರಡು. ಗೋಡೆಗೆ ತೂಗಬಾರದು, ಮತ್ತು ಒಂದೇ ಪ್ರತಿ ಇರಬೇಕು. ಆ ಒಂದು ಪ್ರತಿ ಈಗ ಅವರ ಟ್ರಂಕಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದೆ. ಕಾರ್ಡಿನಲ್ಲಿದ್ದದ್ದನ್ನು ಅವರ ಎದುರೇ ಅಳಿಸಿದೆವು. ಹೆಣ್ಣುಮಕ್ಕಳು ಬಂದಾಗ ಅವರೇ ಟ್ರಂಕು ತೆರೆದು ತೋರಿಸುತ್ತಾರಂತೆ.

ಕೊಳ್ಳಬೇಕೆನ್ನುವವರಿಗೆ ಎರಡು ಮಾತು. 2021ರ ಜನವರಿಯಲ್ಲಿ ಒಲಿಂಪಸ್ ತನ್ನ ಕ್ಯಾಮರಾ ವ್ಯವಹಾರವನ್ನು ಬೇರೆಯವರಿಗೆ ವಹಿಸಿಕೊಟ್ಟಿತು, ಈಗ ಓಎಂ ಸಿಸ್ಟಂ ಎಂಬ ಹೆಸರಿನಲ್ಲಿ ಹೊಸ ಮಾದರಿಗಳು ಬರುತ್ತಿವೆ. ಪ್ಯಾನಸಾನಿಕ್ ಲೆನ್ಸುಗಳೂ ಇದಕ್ಕೆ ಕೂರುವುದರಿಂದ ಲೆನ್ಸಿಗೆ ಬರವಿಲ್ಲ. ಆದರೆ ಹಳೆಯ ಮಾದರಿ ಕೆಟ್ಟರೆ ನಮ್ಮಂತಹ ಊರಿನಲ್ಲಿ ರಿಪೇರಿ ಮಾಡುವವರು ಸಿಗುವುದಿಲ್ಲ. ಎರಡನೆಯದು ಮಳೆ. ಈ ದೇಹಕ್ಕೆ ನೀರಿನಿಂದ ರಕ್ಷಣೆ ಇಲ್ಲ. ಆಗುಂಬೆಗೆ ಹೋದಾಗ ಒಬ್ಬರು ಕೊಡೆ ಹಿಡಿಯುವುದು, ಒಬ್ಬರು ಚಿತ್ರ ತೆಗೆಯುವುದು ನಮ್ಮ ಪದ್ಧತಿ. ಮಲೆನಾಡಿನ ಜೂನ್ ಬಂತೆಂದರೆ ಲೆನ್ಸಿನೊಳಗೆ ಬೂಷ್ಟು ಬೆಳೆಯುವ ಭಯ ಬೇರೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತೇವೆ, ಬಿಸಿಲು ಕಂಡ ದಿನ ಹೊರಗೆ ತೆಗೆಯುತ್ತೇವೆ. ಈ ಸಲ ಪೊಟ್ಟಣಗಳನ್ನು ಬದಲಿಸುವುದು ಇನ್ನೂ ಬಾಕಿ ಇದೆ.